ಮಳೆಯ ಊರಿನ ನೀರಿನ ಲೆಕ್ಕ



ಆಗುಂಬೆ ಎಂದೊಡನೆ ನಾಡಿನ ಜನರಿಗೆ ಸೂರ್ಯಾಸ್ತ ಮತ್ತು ಮಳೆ ನೆನಪಾಗುತ್ತವೆ. ತೀರ್ಥಹಳ್ಳಿ ತಾಲ್ಲೂಕಿನ ಈ ಪುಟ್ಟ ಊರು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿ, ಘಟ್ಟದ ಅಂಚಿನಲ್ಲಿದೆ. ಅರಬ್ಬಿ ಸಮುದ್ರದ ಮೋಡಗಳು ಈ ಗೋಡೆಯನ್ನು ತಾಗಿ ಮೇಲೇರಿ, ತಂಪಾಗಿ, ಇಲ್ಲಿಯೇ ಸುರಿಯುತ್ತವೆ. 1946ರ ಆಗಸ್ಟ್ ಒಂದೇ ತಿಂಗಳಿನಲ್ಲಿ ಇಲ್ಲಿ 4,508 ಮಿ.ಮೀ. ಮಳೆ ದಾಖಲಾಯಿತು. ವಾರ್ಷಿಕ ಸರಾಸರಿಯೇ 7,000 ಮಿ.ಮೀ.ಗೂ ಅಧಿಕ. ಅಂದರೆ ಒಂದು ಎಕರೆಯ ಮೇಲೆ ವರ್ಷಕ್ಕೆ ಸುಮಾರು 2.8 ಕೋಟಿ ಲೀಟರ್ ನೀರು!

ಪಶ್ಚಿಮಕ್ಕೆ ಇಳಿದ ಹನಿ ಸೀತಾನದಿಯ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಹರಿದದ್ದು ಮಾಲತಿ, ತುಂಗೆಯರ ಜೊತೆಗೂಡಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಈ ಗುಡ್ಡಗಳ ಆರೋಗ್ಯ ಬಯಲುಸೀಮೆಯ ರೈತನ ಪ್ರಶ್ನೆಯೂ ಹೌದು.

ಇಷ್ಟು ಮಳೆ ಬಿದ್ದರೂ ಬೇಸಿಗೆಯಲ್ಲಿ ಮಲೆನಾಡಿನ ಎಷ್ಟೋ ಬಾವಿಗಳ ತಳ ಕಾಣುವುದೇಕೆ? ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಉಳಿದ ತಿಂಗಳುಗಳಿಗೆ ಅದನ್ನು ಕೂಡಿಡುವ ಕಣಜವೆಂದರೆ ಕಾಡಿನ ಮಣ್ಣು. ಮರದ ಮೇಲ್ಛಾವಣಿ ಹನಿಯ ರಭಸವನ್ನು ಮುರಿಯುತ್ತದೆ, ದರಗು ಅದನ್ನು ತಡೆದು ನಿಲ್ಲಿಸುತ್ತದೆ, ಬೇರು ಒಳಗೆ ದಾರಿ ಬಿಡುತ್ತದೆ. ಬೋಳು ಗುಡ್ಡದ ಮೇಲೆ ಅದೇ ಹನಿ ಕೆಂಪು ಮಣ್ಣನ್ನು ಹೊತ್ತು ಹಳ್ಳಕ್ಕೆ ಧಾವಿಸುತ್ತದೆ.

ಇಲ್ಲಿ ಸೊಪ್ಪಿನ ಬೆಟ್ಟದ ಮಾತು ಬರುತ್ತದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆ ತೋಟಕ್ಕೆ ಎಂಬುದು ಹಿರಿಯರು ಕಟ್ಟಿದ ವ್ಯವಸ್ಥೆ. ಆದರೆ ಬೆಟ್ಟವೆಂದರೆ ಕೇವಲ ಗೊಬ್ಬರದ ಗಣಿಯಲ್ಲ. ತೋಟದ ಬಾವಿಗೆ ನೀರು ಕೊಡುವುದೂ ಅದೇ. ಪ್ರತಿವರ್ಷ ಅದೇ ಮರದ ತುದಿಯವರೆಗೂ ಸೊಪ್ಪು ಕಡಿದು, ದರಗನ್ನೆಲ್ಲ ಗುಡಿಸಿ ತಂದರೆ ತೋಟಕ್ಕೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದಂತಾಗುತ್ತದೆ.

ಮಾಡಬೇಕಾದದ್ದು ಸರಳ. ಮರದ ನೆತ್ತಿಯನ್ನು ಬಿಟ್ಟು ಸೊಪ್ಪು ಕಡಿಯಬೇಕು. ಬೆಟ್ಟವನ್ನು ಭಾಗ ಮಾಡಿ ಸರದಿಯ ಮೇಲೆ ವಿಶ್ರಾಂತಿ ನೀಡಬೇಕು. ಒಂದಿಷ್ಟು ದರಗನ್ನು ನೆಲಕ್ಕೇ ಬಿಡಬೇಕು. ಬೇಸಿಗೆಯ ಬೆಂಕಿಯನ್ನು ತಡೆಯಬೇಕು. ಇಂಗುಗುಂಡಿಯ ಉತ್ಸಾಹದಲ್ಲಿ ಒಂದು ಎಚ್ಚರವೂ ಅಗತ್ಯ: ಕಡಿದಾದ ಇಳಿಜಾರಿನಲ್ಲಿ ತೋಡಿದ ಗುಂಡಿ ನೀರು ತುಂಬಿ, ಗುಡ್ಡದ ಕುಸಿತಕ್ಕೇ ಕಾರಣವಾಗಬಹುದು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಊರಿನ ಒರತೆ ಯಾವ ದಿನ ಬತ್ತಿತು ಎಂಬುದನ್ನು ಪ್ರತಿವರ್ಷ ಪುಸ್ತಕದಲ್ಲಿ ಬರೆದಿಡಿ. ಆ ದಿನ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಸರಿಯುತ್ತಿದ್ದರೆ, ಮೊದಲು ನೋಡಬೇಕಾದದ್ದು ಆಕಾಶವನ್ನಷ್ಟೇ ಅಲ್ಲ, ಮನೆಯ ಹಿಂದಿನ ಬೆಟ್ಟವನ್ನೂ.