ವಾಂತಿಭೇದಿಯ ರೋಗಾಣು

ಕಣ್ಣಿಗೆ ಕಾಣದಷ್ಟು ಅಲ್ಪವಾದ ಒಂದು ಜೀವಿ, ಗಟ್ಟಿಮುಟ್ಟಾದ ಆಳನ್ನು ಒಂದು ಹಗಲಿನೊಳಗಾಗಿ ನೆಲಕ್ಕೆ ಕೆಡಹಬಲ್ಲುದೆಂದರೆ ಯಾರಿಗಾದರೂ ಆಶ್ಚರ್ಯವಾಗದಿರದು. ಅದಕ್ಕೆ ಹಲ್ಲಿಲ್ಲ, ಉಗುರಿಲ್ಲ, ಕೊಂಬಿಲ್ಲ. ರೋಗಾಣುಗಳಿಂದ ರೋಗ ಬರುತ್ತದೆಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಲ್ಲಿಯೇ ಕಲಿತು ಒಪ್ಪಿದ್ದೇವೆ. ಆದರೆ ಅವು ಮಾಡುವ ಕೇಡು ಯಾವುದು, ಅದನ್ನು ಯಾವ ಬಗೆಯಿಂದ ಮಾಡುತ್ತವೆ ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಉತ್ತರ ತೋಚದೆ ಸುಮ್ಮನಾಗುತ್ತೇವೆ. ಈ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ವಿಚಾರಮಾಡೋಣ. ಹಿಂದೆ ನಮ್ಮ ಹಳ್ಳಿಗಳಲ್ಲಿ ಮಾರಿಯ ಕೋಪವೆಂದು ಹೆಸರಾಗಿ, ಊರಿಗೆ ಊರನ್ನೇ ನಡುಗಿಸಿದ ವಾಂತಿಭೇದಿ, ಅಂದರೆ ಕಾಲರಾ, ಇದಕ್ಕೆ ತಕ್ಕ ನಿದರ್ಶನವಾಗಿದೆ.

ಈ ರೋಗದ ಅಣುವನ್ನು 1854ರಲ್ಲಿ ಇಟಲಿಯ ಪಾಚೀನಿ ಎಂಬ ವೈದ್ಯನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದನು. ಲೋಕವು ಆತನ ಮಾತಿಗೆ ಕಿವಿಗೊಡಲಿಲ್ಲ. ಮೂವತ್ತು ವರ್ಷಗಳಾದ ಮೇಲೆ, 1884ರಲ್ಲಿ, ಜರ್ಮನಿಯ ರಾಬರ್ಟ್ ಕೋಖ್ ಮಹಾಶಯನು ಕಲ್ಕತ್ತೆಯಲ್ಲಿ ಅದನ್ನು ಬೇರ್ಪಡಿಸಿ ಬೆಳೆಸಿದನು. ಅಲ್ಪವಿರಾಮದ ಚಿಹ್ನೆಯಂತೆ ತುಸು ಬಾಗಿದ ದೇಹ, ಹಿಂದೆ ಚಾಟಿಯಂತಹ ಒಂದು ಎಳೆ, ಇಷ್ಟೇ ಅದರ ಆಕಾರ. ಇಂತಹ ಸುಮಾರು ಐನೂರನ್ನು ಉದ್ದಕ್ಕೆ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು.

ಯಾವ ರೋಗಾಣುವಾದರೂ ಸರಿ, ಅದು ಮೂರು ಕೆಲಸಗಳನ್ನು ಸಾಧಿಸಬೇಕು. ಒಳಕ್ಕೆ ಪ್ರವೇಶಿಸಬೇಕು, ಪ್ರವೇಶಿಸಿದಲ್ಲಿ ನೆಲೆಯೂರಬೇಕು, ತಾನು ಬೆಳೆದು ಮತ್ತೊಬ್ಬರ ಬಳಿಗೆ ಸಾಗಬೇಕು. ನಾವು ರೋಗವೆಂದು ಕರೆಯುವುದು ಬಹುಮಟ್ಟಿಗೆ ಈ ಮೂರು ಕಾರ್ಯಗಳ ನಡುವೆ ನಮ್ಮ ಶರೀರಕ್ಕೆ ಒದಗುವ ಹಾನಿಯೇ ಆಗಿದೆ.

ಪ್ರವೇಶವು ಸುಲಭವಲ್ಲ. ರೋಗಿಯ ಮಲದಿಂದ ಕೆಟ್ಟ ನೀರಿನೊಡನೆಯೋ ಆಹಾರದೊಡನೆಯೋ ಅಣುಗಳು ಬಾಯನ್ನು ಸೇರುತ್ತವೆ. ಆದರೆ ಜಠರದ ಆಮ್ಲವು ಬಾಗಿಲ ಕಾವಲುಗಾರನಂತೆ ನಿಂತು ಅವುಗಳಲ್ಲಿ ಬಹುಭಾಗವನ್ನು ಕೊಲ್ಲುತ್ತದೆ. ಆದುದರಿಂದ ಆರೋಗ್ಯವಂತನಿಗೆ ರೋಗ ಹತ್ತಬೇಕಾದರೆ ಸಾಮಾನ್ಯವಾಗಿ ಕೋಟಿಗಟ್ಟಲೆ ಅಣುಗಳು ಬೇಕಾಗುತ್ತವೆ. ಆಮ್ಲವು ಕುಗ್ಗಿದ್ದರೆ ಕೆಲವೇ ಲಕ್ಷಗಳು ಸಾಕು. 1892ರಲ್ಲಿ ಮ್ಯೂನಿಕ್ ನಗರದ ಪೆಟೆನ್‌ಕೋಫರ್ ಎಂಬ ವೃದ್ಧ ಪಂಡಿತನು, ಅಣುವೊಂದೇ ರೋಗಕ್ಕೆ ಕಾರಣವಾಗಲಾರದೆಂದು ತೋರಿಸಲು, ಆಮ್ಲವನ್ನು ಸೋಡದಿಂದ ಶಮನಮಾಡಿಕೊಂಡು, ಜೀವಂತ ಅಣುಗಳ ದ್ರವವನ್ನೇ ಕುಡಿದುಬಿಟ್ಟನು. ಅವನಿಗೆ ಸ್ವಲ್ಪ ಭೇದಿಯಾಯಿತು, ಪ್ರಾಣ ಉಳಿಯಿತು. ಅವನ ವಾದ ಗೆಲ್ಲಲಿಲ್ಲ, ಆದರೂ ಅದರಲ್ಲಿ ಒಂದು ಸತ್ಯಾಂಶವಿದ್ದಿತು. ಒಂದೇ ಅಣು ಎಲ್ಲರಿಗೂ ಒಂದೇ ಅಳತೆಯ ಕೇಡನ್ನು ಮಾಡುವುದಿಲ್ಲ. ಒಳಹೊಕ್ಕ ಅಣುಗಳ ಸಂಖ್ಯೆ, ಹಿಂದೆ ಆ ರೋಗವನ್ನು ಕಂಡ ಶರೀರದ ರಕ್ಷಣಾಶಕ್ತಿ, ಕೊನೆಗೆ ರಕ್ತದ ವರ್ಗ ಸಹ ಇದರಲ್ಲಿ ಸೇರುತ್ತವೆ. ಓ ವರ್ಗದ ರಕ್ತವುಳ್ಳವರಿಗೆ ಈ ರೋಗವು ಹೆಚ್ಚು ಉಗ್ರವಾಗುತ್ತದೆಂದು ಕಂಡುಬಂದಿದೆ.

ಜಠರವನ್ನು ದಾಟಿ ಉಳಿದ ಅಣುಗಳು ಸಣ್ಣ ಕರುಳನ್ನು ಸೇರುತ್ತವೆ. ಅಲ್ಲಿ ಕರುಳಿನ ಒಳಗೋಡೆಯನ್ನು ದಪ್ಪವಾದ ಲೋಳೆಯು ಹೊದ್ದಿರುತ್ತದೆ. ಅಣುವು ತನ್ನ ಚಾಟಿಯನ್ನು ತಿರುಗಿಸುತ್ತ ಈಜಿ, ಲೋಳೆಯನ್ನು ತೂರಿ, ನವಿರಾದ ಎಳೆಗಳನ್ನು ಚಾಚಿ, ಒಂದಕ್ಕೊಂದು ಹೆಣೆದುಕೊಂಡು ಅಲ್ಲಿ ಬೀಡುಬಿಡುತ್ತದೆ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಅದು ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ರಕ್ತದೊಳಕ್ಕೆ ಇಳಿಯುವುದಿಲ್ಲ. ಜಗುಲಿಯ ಮೇಲೆಯೇ ಕುಳಿತು ಮನೆಯನ್ನು ಹಾಳುಮಾಡುವ ಅತಿಥಿಯಂತೆ ಅದರ ರೀತಿ.

ಹಾಗಾದರೆ ಹಾನಿಯುಂಟಾಗುವುದು ಹೇಗೆ? ಅಣುವು ಒಂದು ವಿಷವನ್ನು ಸೂಸುತ್ತಿರಬೇಕೆಂದು ಕೋಖನೇ ಊಹಿಸಿದ್ದನು. ಆದರೆ ಆ ವಿಷವನ್ನು ತೋರಿಸಿಕೊಡಲು ಎಪ್ಪತ್ತೈದು ವರ್ಷಗಳೇ ಹಿಡಿದುವು. ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ ಅವರು. ವಿಷವು ಕೆಲಸಮಾಡುವುದು ಕರುಳಿನಲ್ಲಾದುದರಿಂದ ಅದನ್ನು ಕರುಳಿನಲ್ಲಿಯೇ ಪರೀಕ್ಷಿಸಬೇಕೆಂದು ಅವರು ಬಗೆದರು. ಮೊಲದ ಕರುಳಿನ ಒಂದು ತುಂಡನ್ನು ಎರಡು ಕಡೆಯೂ ದಾರದಿಂದ ಬಿಗಿದು, ಅದರೊಳಗೆ ಅಣುಗಳನ್ನು ಹಾಕಿ ನೋಡಲು, ಆ ತುಂಡು ನೀರು ತುಂಬಿ ಉಬ್ಬಿತು. ಇದು 1953ರ ಮಾತು. 1959ರಲ್ಲಿ ಅವರು ಅಣುಗಳನ್ನೆಲ್ಲ ಸೋಸಿ ತೆಗೆದು, ಅವು ಬೆಳೆದಿದ್ದ ದ್ರವವನ್ನು ಮಾತ್ರ ಹಾಕಿದರು. ಆಗಲೂ ಕರುಳು ಹಾಗೆಯೇ ತುಂಬಿತು. ಕೇಡಿಗೆ ಅಣುವಿನ ಇರವೂ ಬೇಕಿಲ್ಲ, ಅದು ಬಿಟ್ಟುಹೋದ ವಿಷವೇ ಸಾಕು ಎಂಬುದು ಇದರಿಂದ ಸಿದ್ಧವಾಯಿತು.

ಆ ವಿಷದ ರಚನೆ ಇಂದು ನಮಗೆ ಚೆನ್ನಾಗಿ ತಿಳಿದಿದೆ. ಅದರಲ್ಲಿ ಆರು ತುಣುಕುಗಳಿವೆ. ಐದು ತುಣುಕುಗಳು ಉಂಗುರದಂತೆ ಕೂಡಿಕೊಂಡು ಕರುಳಿನ ಜೀವಕೋಶವನ್ನು ಹಿಡಿಯುತ್ತವೆ. ಆರನೆಯದು ಒಳಹೊಕ್ಕು ಕೆಲಸಮಾಡುತ್ತದೆ. ಅದರ ಕೆಲಸವನ್ನು ನಮ್ಮ ಕೆರೆಗಳ ಹೋಲಿಕೆಯಿಂದ ತಿಳಿಯಬಹುದು. ಕೆರೆಗೆ ತೂಬಿದೆ, ತೂಬನ್ನು ಬೇಕಾದಾಗ ತೆರೆದು, ಸಾಕಾದಾಗ ಮುಚ್ಚಲು ನೀರುಗಂಟಿಯಿದ್ದಾನೆ. ಕರುಳಿನ ಪ್ರತಿಯೊಂದು ಜೀವಕೋಶದಲ್ಲಿಯೂ ಇಂತಹ ನೀರುಗಂಟಿಯಾದ ಪ್ರೋಟೀನು ಒಂದುಂಟು. ವಿಷದ ತುಣುಕು ಈ ನೀರುಗಂಟಿಯ ಕೈಯನ್ನು ಕಟ್ಟಿಹಾಕುತ್ತದೆ. ತೆರೆದ ತೂಬು ತೆರೆದೇ ಉಳಿಯುತ್ತದೆ. ಉಪ್ಪಿನ ಅಂಶಗಳು ಕರುಳಿನೊಳಕ್ಕೆ ಹರಿಯುತ್ತವೆ. ಅವುಗಳ ಹಿಂದೆ ಶರೀರದ ನೀರೆಲ್ಲ ಹರಿದುಬರುತ್ತದೆ. ಉಗ್ರವಾದ ರೋಗದಲ್ಲಿ ಗಂಟೆಗೆ ಒಂದು ಲೀಟರಿನಷ್ಟು, ಅಕ್ಕಚ್ಚಿನಂತಹ ನೀರು ಹೊರಹೋಗುವುದುಂಟು. ಕಣ್ಣು ಗುಳಿಬೀಳುತ್ತದೆ, ದನಿ ಅಡಗುತ್ತದೆ, ನಾಡಿ ಸಿಕ್ಕದಾಗುತ್ತದೆ. ರೋಗಿಯು ಸಾಯುವುದು ನೀರು ಬತ್ತಿ.

ಅಣುವಿಗೆ ಇದರಿಂದ ಪ್ರಯೋಜನವೇನು? ಆ ಪ್ರವಾಹವೇ ಅದರ ವಾಹನ. ಕೋಟ್ಯನುಕೋಟಿ ಅಣುಗಳು ಅದರಲ್ಲಿ ತೇಲಿ ಹೊರಬಂದು ಹಳ್ಳಕೊಳ್ಳಗಳನ್ನು ಸೇರಿ ಮತ್ತೊಂದು ಬಾಯಿಗೆ ಕಾಯುತ್ತವೆ. ಇನ್ನೂ ಸೋಜಿಗವೆಂದರೆ, ಈ ವಿಷದ ವಿದ್ಯೆ ಅಣುವಿನ ಸ್ವಂತದ್ದಲ್ಲ. ಅಣುವನ್ನೇ ಹಿಡಿಯುವ ಒಂದು ವೈರಸ್ಸು ಅದನ್ನು ತಂದೊಪ್ಪಿಸುತ್ತದೆಂದು 1996ರಲ್ಲಿ ವಾಲ್ಡರ್, ಮೆಕಲಾನೋಸ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ಕಂಡುಹಿಡಿದರು.

ಎಲ್ಲ ರೋಗಾಣುಗಳೂ ಇದೇ ದಾರಿ ಹಿಡಿಯುವುದಿಲ್ಲ. ಧನುರ್ವಾಯುವಿನ ಅಣು ಗಾಯದಲ್ಲಿ ಕುಳಿತು ನರಗಳ ದಾರಿಯಿಂದ ವಿಷವನ್ನು ಕಳುಹಿಸುತ್ತದೆ. ಕ್ಷಯದ ಅಣು ನಮ್ಮ ಕಾವಲಿನ ಜೀವಕೋಶಗಳೊಳಗೇ ಅಡಗಿ ಬಾಳುತ್ತದೆ. ಅಲ್ಲಿ ಶ್ವಾಸಕೋಶಕ್ಕೆ ಆಗುವ ಹಾನಿಯಲ್ಲಿ ಬಹುಪಾಲು ಶರೀರದ ಸ್ವಂತ ಹೋರಾಟದ ಫಲ. ಆದುದರಿಂದಲೇ ಪ್ರತಿಯೊಂದರ ರೀತಿಯನ್ನೂ ಬೇರೆಬೇರೆಯಾಗಿ ಅರಿಯಬೇಕಾಗಿದೆ.

ಅರಿತರೆ ಫಲವೇನೆಂಬುದಕ್ಕೆ ವಾಂತಿಭೇದಿಯೇ ಉತ್ತರ. ತೂಬು ಕೆಟ್ಟರೂ ಕರುಳಿನಲ್ಲಿ ಮತ್ತೊಂದು ಬಾಗಿಲು ಕೆಡದೆ ಉಳಿದಿರುತ್ತದೆ. ಅದು ಸಕ್ಕರೆಯ ಜೊತೆಯಲ್ಲಿ ಉಪ್ಪನ್ನು ಒಳಕ್ಕೆಳೆದುಕೊಳ್ಳುವ ಬಾಗಿಲು; ಉಪ್ಪಿನ ಬೆನ್ನಿಗೆ ನೀರೂ ಒಳಸೇರುತ್ತದೆ. 1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಬಂದು, ಬನಗಾಂವಿನಲ್ಲಿ ವಾಂತಿಭೇದಿಯು ಎದ್ದಾಗ, ನರಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಿತು. ಆಗ ವೈದ್ಯರಾದ ದಿಲೀಪ ಮಹಾಲನೋಬಿಸ್ ಅವರು ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆಸೋಡ ಬೆರೆಸಿ, ರೋಗಿಗಳ ತಾಯಿತಂದೆಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು, ಹೀಗೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 4ಕ್ಕಿಂತಲೂ ಕೆಳಗಿಳಿಯಿತು. ಕರುಳಿನ ಜೀವಕೋಶಗಳು ಕೆಲವೇ ದಿನಗಳಲ್ಲಿ ಹೊಸದಾಗಿ ಹುಟ್ಟುವುದರಿಂದ, ಅಷ್ಟು ಕಾಲ ನೀರನ್ನು ಕಾಪಾಡಿದರೆ ರೋಗಿಯು ಉಳಿಯುತ್ತಾನೆ.

ಆದುದರಿಂದ ಭೇದಿಯಾದವರಿಗೆ ನೀರು ಕೊಡಬಾರದೆಂಬ ಹಳೆಯ ನಂಬಿಕೆಯನ್ನು ನಾವು ಸಂಪೂರ್ಣವಾಗಿ ತೊರೆಯಬೇಕು. ಪೊಟ್ಟಣ ದೊರೆಯದ ಕಡೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕುಡಿಸುತ್ತ, ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ನಮ್ಮ ಹಿರಿಯರ ಪದ್ಧತಿಯೂ ಅಲ್ಲಗಳೆಯತಕ್ಕುದಲ್ಲ. ಹಳೆಯ ಸೀರೆಯನ್ನು ನಾಲ್ಕು ಮಡಿಕೆಮಾಡಿ ಸೋಸಿದರೆ ಈ ರೋಗವು ಸುಮಾರು ಅರ್ಧದಷ್ಟು ತಗ್ಗುತ್ತದೆಂದು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಪರೀಕ್ಷೆಯಿಂದ 2003ರಲ್ಲಿ ತಿಳಿದುಬಂದಿತು. ಅಣುಗಳು ಅಂಟಿಕೊಂಡಿರುವ ನೀರಿನ ಸಣ್ಣ ಹುಳುಗಳು ಬಟ್ಟೆಯಲ್ಲಿ ನಿಲ್ಲುವುದೇ ಇದಕ್ಕೆ ಕಾರಣ. ಆದರೂ ಶುದ್ಧವಾದ ನೀರು ಮತ್ತು ಸರಿಯಾದ ಚರಂಡಿಗಳಿಗೆ ಸಮನಾದ ರಕ್ಷೆ ಬೇರೊಂದಿಲ್ಲ. ಅವನ್ನು ನಗರದ ಒಂದು ಬೀದಿಗೆ ಒದಗಿಸಿ ಮತ್ತೊಂದು ಬೀದಿಗೆ ಮರೆತರೆ, ಅಣುವು ಬೀದಿಗಳ ಎಲ್ಲೆಯನ್ನು ಎಣಿಸುವುದಿಲ್ಲ.