ದಮ್ಮಿನ ಮಾತ್ರೆ ನುಂಗುವ ಮುನ್ನ

ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರಿಗಾಗಿ ಏರ್ಪಡಿಸಿದ್ದ ತರಬೇತಿ ಶಿಬಿರದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಪಠ್ಯ



ಕೆಚ್ಚಲು ಬಾವು, ಕೃತಕ ಗರ್ಭಧಾರಣೆ, ಮೇವಿನ ಬೆಳೆ ಇವುಗಳ ಬಗ್ಗೆ ಬೆಳಗಿನಿಂದ ತಜ್ಞರು ತಿಳಿಸಿಕೊಟ್ಟಿದ್ದಾರೆ. ನನಗೆ ಒಪ್ಪಿಸಿರುವುದು ಹಸು ಕಟ್ಟಿದವರ ಎದೆಯ ವಿಷಯ. ಒಣಹುಲ್ಲಿನ ಧೂಳು, ಹಿಂಡಿ ಬೂಸಾದ ಪುಡಿ, ಸೌದೆ ಒಲೆಯ ಹೊಗೆ, ಇಷ್ಟು ಸಾಲದೆಂಬಂತೆ ಬೀಡಿ. ಇವುಗಳ ನಡುವೆ ದುಡಿಯುವವರಿಗೆ ದಮ್ಮು, ಉಬ್ಬಸ, ಗೂರಲು ಬರುವುದು ಆಶ್ಚರ್ಯವೇನಲ್ಲ. ಈ ಕಾಯಿಲೆಯ ಪೂರ್ಣ ಚಿಕಿತ್ಸೆಯನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಲು ಸಾಧ್ಯವಿಲ್ಲ. ನಿಮ್ಮಲ್ಲಿ ಅನೇಕರ ಜೇಬಿನಲ್ಲಿ, ಗೋಡೆಯ ಗೂಡಿನಲ್ಲಿ ಈಗಾಗಲೇ ಇರುವ ಒಂದು ವಸ್ತುವಿನ ಬಗ್ಗೆ ಮಾತ್ರ ಹೇಳುತ್ತೇನೆ: ಉಸಿರು ಬಿಗಿದಾಗ ನುಂಗುವ ಮಾತ್ರೆ.

ಅಸ್ತಮಾ ಇರಲಿ, ಬೀಡಿ ಮತ್ತು ಒಲೆಯ ಹೊಗೆಯಿಂದ ಬರುವ ದೀರ್ಘಕಾಲದ ಶ್ವಾಸಕೋಶ ರೋಗವಿರಲಿ, ಎದೆಯೊಳಗೆ ಗಾಳಿ ಓಡಾಡುವ ಸಣ್ಣ ಕೊಳವೆಗಳು ಬಿಗಿದುಕೊಂಡಿರುತ್ತವೆ. ಆ ಬಿಗಿತವನ್ನು ಸಡಿಲಿಸುವ ಮಾತ್ರೆಗಳಲ್ಲಿ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು ಎರಡು ಬಗೆ. ಒಂದು ಥಿಯೋಫಿಲಿನ್ ಮತ್ತು ಅದರ ನಂಟಿನವು. ಡೆರಿಫಿಲಿನ್ ಎಂದು ಹಳ್ಳಿಹಳ್ಳಿಗೂ ಗೊತ್ತಿರುವ ಮಾತ್ರೆಯಲ್ಲಿ ಇರುವುದು ಎಟೋಫಿಲಿನ್ ಮತ್ತು ಥಿಯೋಫಿಲಿನ್. ಇನ್ನೊಂದು ಸಾಲ್ಬ್ಯುಟಮಾಲ್, ಆಸ್ತಾಲಿನ್ ಮುಂತಾದ ಹೆಸರಿನಲ್ಲಿ ಸಿಗುತ್ತದೆ. ಥಿಯೋಫಿಲಿನ್ನನ್ನು 1888ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಎಂಬ ವಿಜ್ಞಾನಿ ಚಹಾ ಎಲೆಯಿಂದ ಬೇರ್ಪಡಿಸಿದರು. ಚಹಾದಿಂದ ಬಂದದ್ದು ತಾನೆ, ಇದರಿಂದ ಏನಾದೀತು ಎಂದು ಮಾತ್ರ ತಿಳಿಯಬೇಡಿ.

ಕರು ಹಾಕಿದ ಹಸು ಹಾಲು ಜ್ವರದಿಂದ ನೆಲ ಹಿಡಿದಾಗ ಪಶುವೈದ್ಯರು ಕ್ಯಾಲ್ಸಿಯಂ ಬಾಟಲಿ ಏರಿಸುವುದನ್ನು ನೀವು ನೋಡಿದ್ದೀರಿ. ಎಷ್ಟು ನಿಧಾನವಾಗಿ ಏರಿಸುತ್ತಾರೆ! ಕೈ ಬಾಟಲಿಯ ಮೇಲಿದ್ದರೆ ಗಮನವೆಲ್ಲ ಹಸುವಿನ ಎದೆಬಡಿತದ ಮೇಲೆ. ಬಿದ್ದ ಹಸುವನ್ನು ಎಬ್ಬಿಸಿ ನಿಲ್ಲಿಸುವ ಆ ಔಷಧವೇ ಅವಸರದಲ್ಲಿ ಒಳಗೆ ಹೋದರೆ ಹೃದಯವನ್ನು ನಿಲ್ಲಿಸಿಬಿಡಬಹುದು. ಥಿಯೋಫಿಲಿನ್ನಿನ ಸ್ವಭಾವವೂ ಹಾಗೆಯೇ. ಗುಣ ಕೊಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ಇರುವ ಅಂತರ ಬಹಳ ಕಡಿಮೆ. ರಕ್ತದ್ರವದ ಒಂದು ಮಿಲಿ ಲೀಟರಿನಲ್ಲಿ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಕೆಲಸ ಮಾಡುತ್ತದೆ ಎಂಬುದು ಹಿಂದಿನಿಂದ ಬಂದ ಲೆಕ್ಕ. ಈಗ ಅನೇಕ ವೈದ್ಯರು ಅದಕ್ಕಿಂತ ಕಡಿಮೆ ಮಟ್ಟದಲ್ಲೇ ತೃಪ್ತಿಪಡುತ್ತಾರೆ. 20 ದಾಟಿತೆಂದರೆ ವಾಕರಿಕೆ, ವಾಂತಿ, ತಲೆನೋವು, ನಿದ್ದೆ ಬಾರದಿರುವುದು, ಎದೆ ಢವಢವ ಎನ್ನುವುದು ಶುರುವಾಗುತ್ತದೆ. ಇನ್ನೂ ಏರಿದರೆ ಎದೆಬಡಿತ ತಾಳ ತಪ್ಪುತ್ತದೆ, ಫಿಟ್ಸ್ ಬರುತ್ತದೆ. ಮೊದಲು ವಾಂತಿಯಾಗಿಯೇ ಆಮೇಲೆ ಫಿಟ್ಸ್ ಬರುತ್ತದೆ ಎಂಬ ಕ್ರಮವೂ ಇಲ್ಲ. ಮುನ್ಸೂಚನೆಯೇ ಇಲ್ಲದೆ ಬರುವುದುಂಟು.

"ಎಷ್ಟೋ ವರ್ಷದಿಂದ ನುಂಗುತ್ತಿದ್ದೇನೆ ಡಾಕ್ಟ್ರೇ, ಏನೂ ಆಗಿಲ್ಲವಲ್ಲ" ಎನ್ನುವವರಿದ್ದಾರೆ. ನಿಜ, ಆಗದೇ ಇರಬಹುದು. ಆದರೆ ಮಾತ್ರೆ ಅಷ್ಟೇ ಇದ್ದರೂ ದೇಹ ಅದನ್ನು ಖರ್ಚು ಮಾಡುವ ರೀತಿ ಬದಲಾಗುತ್ತದೆ. ಅರವತ್ತು ದಾಟಿದ ಒಬ್ಬ ಹಿರಿಯರ ವಿಷಯ ಹೇಳುತ್ತೇನೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಥಿಯೋಫಿಲಿನ್ ಮಾತ್ರೆ ನುಂಗಿಕೊಂಡು, ಎರಡು ಹಸು ನೋಡಿಕೊಂಡು ಚೆನ್ನಾಗಿಯೇ ಇದ್ದರು. ಮೊಮ್ಮಗಳ ಮಾತಿಗೆ ಕಟ್ಟುಬಿದ್ದು ಬೀಡಿ ಬಿಟ್ಟರು. ಎರಡನೆಯ ವಾರ ಜ್ವರ, ಭೇದಿ. ಅಂಗಡಿಯಿಂದ ಸಿಪ್ರೊಫ್ಲಾಕ್ಸಾಸಿನ್ ತರಿಸಿಕೊಂಡರು. ಮೂರನೆಯ ದಿನ ವಾಂತಿ, ರಾತ್ರಿಯೆಲ್ಲ ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದರು. ದಮ್ಮು ಹೆಚ್ಚಾಗಿರಬೇಕೆಂದು ಮನೆಯವರು ಇನ್ನೊಂದು ಮಾತ್ರೆ ಕೊಟ್ಟರು. ಬೆಳಿಗ್ಗೆ ಹಾಲು ಹಾಕಲು ಹೊರಟವರು ದಾರಿಯಲ್ಲೇ ಫಿಟ್ಸ್ ಬಂದು ಬಿದ್ದರು. ಜೀವ ಉಳಿಯಿತು, ಆದರೆ ಬಹಳ ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು.

ಇಲ್ಲಿ ಆದದ್ದೇನು? ಬೀಡಿ, ಸಿಗರೇಟಿನ ಹೊಗೆ ನಮ್ಮ ಪಿತ್ತಜನಕಾಂಗವನ್ನು ಚುರುಕು ಮಾಡಿ ಥಿಯೋಫಿಲಿನ್ ಬೇಗ ಕರಗಿಹೋಗುವಂತೆ ಮಾಡುತ್ತದೆ. ಆದ್ದರಿಂದ ಬೀಡಿ ಸೇದುವವರಿಗೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಬೀಡಿ ಬಿಟ್ಟ ಒಂದು ವಾರದೊಳಗೇ ಆ ಚುರುಕು ತಗ್ಗಿ, ಹಿಂದಿನ ಪ್ರಮಾಣವೇ ಹೆಚ್ಚಾಗಿ ಪರಿಣಮಿಸುತ್ತದೆ. ಅದರ ಮೇಲೆ ಸಿಪ್ರೊಫ್ಲಾಕ್ಸಾಸಿನ್ ಈ ಔಷಧ ದೇಹದಿಂದ ಹೊರಹೋಗುವ ದಾರಿಗೆ ಅಡ್ಡಗಟ್ಟುತ್ತದೆ. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಎಂಬ ಮಾತ್ರೆಗಳೂ ಹೀಗೆಯೇ. ತೀವ್ರ ಜ್ವರ, ಪಿತ್ತಜನಕಾಂಗದ ರೋಗ, ಹೃದಯ ಸೋತಿರುವುದು, ಮುಪ್ಪು, ಇವೆಲ್ಲವೂ ಅದೇ ದಿಕ್ಕಿಗೆ ಎಳೆಯುತ್ತವೆ. ಇದನ್ನು ಕೇಳಿ ಬೀಡಿ ಬಿಡುವುದು ಬೇಡವೆಂದು ಯಾರೂ ತೀರ್ಮಾನಿಸಬಾರದು. ಬೀಡಿ ಬಿಡುವಷ್ಟು ದೊಡ್ಡ ಉಪಕಾರವನ್ನು ಯಾವ ಮಾತ್ರೆಯೂ ನಿಮ್ಮ ಎದೆಗೆ ಮಾಡಲಾರದು. ಬಿಡುವ ವಾರ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ಅವರು ಇಳಿಸುತ್ತಾರೆ.

ಇದರ ವಿರುದ್ಧವೂ ನಡೆಯುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್ ಥಿಯೋಫಿಲಿನ್ನಿನ ಬಲವನ್ನು ತಗ್ಗಿಸುತ್ತವೆ. ಆ ಚಿಕಿತ್ಸೆ ಮುಗಿದಾಗ ಮಟ್ಟ ಮತ್ತೆ ಏರುತ್ತದೆ. ಒಟ್ಟಿನಲ್ಲಿ, ಯಾವ ವೈದ್ಯರ ಮುಂದೆ ಕುಳಿತರೂ, ಯಾವ ಔಷಧಿ ಅಂಗಡಿಯ ಮುಂದೆ ನಿಂತರೂ, "ನಾನು ದಮ್ಮಿನ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ" ಎಂದು ಹೇಳಿ ಮಾತ್ರೆಯ ಹಾಳೆಯನ್ನೇ ತೋರಿಸಿ. ಹೆಸರಿಲ್ಲದೆ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಬಿಡಿ ಗುಳಿಗೆ, ದಮ್ಮಿಗೆಂದು ಸಂತೆಯಲ್ಲಿ ಮಾರುವ ಪುಡಿ, ಇವನ್ನು ಮುಟ್ಟಬೇಡಿ. ಒಳಗೇನಿದೆ ಎಂದು ತಿಳಿಯದಿದ್ದರೆ ಅಪಾಯ ಬಂದಾಗ ನಮಗೂ ದಾರಿ ಕಾಣುವುದಿಲ್ಲ.

ಇನ್ನು ಸಾಲ್ಬ್ಯುಟಮಾಲ್. ಈ ಮಾತ್ರೆಯಿಂದ ಕೈ ನಡುಗುತ್ತದೆ, ಎದೆ ಓಡುತ್ತದೆ. ಹಾಲು ಕರೆಯುವಾಗ ಕೈ ನಡುಗುತ್ತದೆಂದು ಒಬ್ಬರು ಬೇರೆ ವೈದ್ಯರ ಹತ್ತಿರ ಹೋಗಿ, ಈ ಮಾತ್ರೆಯ ವಿಷಯ ಹೇಳದೆ, ನಡುಕಕ್ಕೆ ಪ್ರೊಪ್ರನಲಾಲ್ ಬರೆಸಿಕೊಂಡು ಬಂದರೆಂದು ಇಟ್ಟುಕೊಳ್ಳಿ. ಅದು ಶ್ವಾಸನಾಳವನ್ನು ಬಿಗಿ ಮಾಡುವ ಔಷಧ; ಅಸ್ತಮಾ ಇದ್ದವರಿಗೆ ಕಂಟಕ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಗೂ ಇದೇ ಮಾತು. ಸಕ್ಕರೆ ಕಾಯಿಲೆ, ಥೈರಾಯ್ಡ್, ಹೃದಯದ ತೊಂದರೆ ಇದ್ದವರು ಮೊದಲೇ ತಿಳಿಸಬೇಕು. ಥಿಯೋಫಿಲಿನ್ ಜೊತೆಗೆ ಸಾಲ್ಬ್ಯುಟಮಾಲ್, ಮೇಲೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ತಾಳ ಕೆಡಬಹುದು. ಕೆಮ್ಮಿನ ಸಿರಪ್ಪುಗಳಲ್ಲಿಯೂ ಸಾಲ್ಬ್ಯುಟಮಾಲ್ ಅಥವಾ ಅದರಂಥದೇ ಟರ್ಬ್ಯುಟಲಿನ್ ಸೇರಿರುವುದುಂಟು. ಮಾತ್ರೆಯ ಜೊತೆ ಆ ಸಿರಪ್ಪನ್ನೂ ಕುಡಿದರೆ ಒಂದೇ ಔಷಧ ಎರಡು ಸಲ ಒಳಗೆ ಹೋದಂತೆ.

ಪಂಪು, ಅಂದರೆ ಇನ್‌ಹೇಲರ್, ಹಿಡಿದರೆ ಅಭ್ಯಾಸವಾಗಿಬಿಡುತ್ತದೆ, ಅದು ಕೊನೆಯ ಹಂತದ ಔಷಧ ಎಂಬ ಭಯ ನಮ್ಮ ಜನರಲ್ಲಿದೆ. ಲೆಕ್ಕ ನೋಡಿ. ಸಾಲ್ಬ್ಯುಟಮಾಲ್ ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ. ಮಾತ್ರೆ 4 ಮಿಲಿಗ್ರಾಂ. ಒಂದು ಮಾತ್ರೆಯೆಂದರೆ 40 ಒತ್ತಿನಷ್ಟು ಔಷಧ! ಪಂಪಿನದು ನೇರ ಎದೆಗೆ ಹೋಗಿ ಕೆಲವೇ ನಿಮಿಷದಲ್ಲಿ ಕೆಲಸ ಶುರುಮಾಡುತ್ತದೆ. ಮಾತ್ರೆಯದು ಹೊಟ್ಟೆ, ರಕ್ತ, ಇಡೀ ಮೈ ಸುತ್ತಿ ಅರ್ಧ ಗಂಟೆಯ ಮೇಲೆ ಎದೆ ಮುಟ್ಟುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಪಂಪು ಎಳೆದುಕೊಳ್ಳಬಲ್ಲವರಿಗೆ ಮಾತ್ರೆ ಎರಡನೆಯ ದರ್ಜೆಯದು. ಇನ್ನೊಂದು ವಿಷಯ: ಅಸ್ತಮಾದಲ್ಲಿ ಕೊಳವೆಯ ಒಳಗೆ ಊತವೂ ಇರುತ್ತದೆ, ಅದಕ್ಕೆ ಸ್ಟೀರಾಯ್ಡ್ ಪಂಪೇ ಬೇಕು. ಬರೀ ಹಿಗ್ಗಿಸುವ ಮಾತ್ರೆ ನುಂಗುತ್ತಿದ್ದರೆ ಊತ ಹಾಗೆಯೇ ಉಳಿಯುತ್ತದೆ. ಹಾಗೆಂದು ನಾಳೆಯೇ ಮಾತ್ರೆ ಎಸೆಯಬೇಡಿ. ವೈದ್ಯರ ಬಳಿ ಕುಳಿತು ಬದಲಾಯಿಸಿಕೊಳ್ಳಿ.

ಮಾತ್ರೆಯೇ ಗತಿ ಎಂದಾದವರು ಅದನ್ನು ಹೊತ್ತಿಗೆ ಸರಿಯಾಗಿ, ಊಟದ ನಂತರ, ತುಂಬ ನೀರಿನೊಡನೆ ತೆಗೆದುಕೊಳ್ಳಲಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಹನ್ನೆರಡು ಗಂಟೆಗೆ ಹಂಚಿಕೊಳ್ಳಬೇಕಾದ್ದು ಒಮ್ಮೆಲೇ ಬಿಡುಗಡೆಯಾದೀತು. ಒಂದೇ ಹೆಸರಿನ ಮಾತ್ರೆ 150ರದ್ದೂ ಇರುತ್ತದೆ, 300ರದ್ದೂ ಇರುತ್ತದೆ. ಡೇರಿಯಲ್ಲಿ ಫ್ಯಾಟ್ ಎಷ್ಟು ಬಂತೆಂದು ಚೀಟಿ ನೋಡುವಷ್ಟೇ ಎಚ್ಚರದಿಂದ ಹಾಳೆಯ ಮೇಲಿನ ಅಂಕಿ ನೋಡಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಎರಡು ಲೋಟ ಚಹಾಕ್ಕೆ ಅಡ್ಡಿಯಿಲ್ಲ. ದಿನವಿಡೀ ಚಹಾ ಕಾಫಿ ಕುಡಿದರೆ ನಡುಕ, ಎದೆ ಓಟ ಹೆಚ್ಚುತ್ತದೆ. ಮಕ್ಕಳಿಗೆ ಪ್ರಮಾಣ ತೂಕದ ಮೇಲೆ. ಸಿರಪ್ಪನ್ನು ಅದರ ಜೊತೆ ಬರುವ ಅಳತೆಯ ಮುಚ್ಚಳದಲ್ಲೇ ಅಳೆಯಿರಿ, ಅಡಿಗೆಮನೆಯ ಚಮಚದಲ್ಲಿ ಬೇಡ.

ವಾಂತಿ, ಎದೆ ಢವಢವ, ನಿದ್ದೆಗೆಡುವುದು ಹೊಸದಾಗಿ ಕಂಡರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ವೈದ್ಯರನ್ನು ಕಾಣಿರಿ. ಇನ್ನು ಉಸಿರಿನ ಸಂಕಟವೇ ಜೋರಾಗಿ, ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ಪಕ್ಕೆಲುಬಿನ ಸಂದು ಒಳಕ್ಕೆ ಸೆಳೆಯುತ್ತಿದ್ದರೆ, ಮಂಪರು ಕವಿದರೆ, ಅದು ಇನ್ನೊಂದು ಮಾತ್ರೆ ನುಂಗಿ ಕಾಯುವ ಹೊತ್ತಲ್ಲ. ರೋಗಿಯನ್ನು ಕೂರಿಸಿ, ಪಂಪಿದ್ದರೆ ವೈದ್ಯರು ಹೇಳಿಕೊಟ್ಟಂತೆ ಕೊಡುತ್ತಾ, 108ಕ್ಕೆ ಫೋನು ಮಾಡಿ. ಖಾಲಿಯಾದ ಹಾಳೆಗಳನ್ನೂ ಜೊತೆಗೆ ಕೊಂಡೊಯ್ಯಿರಿ.

ಏದುಸಿರೆಲ್ಲ ದಮ್ಮಲ್ಲ. ಬೂಷ್ಟು ಹಿಡಿದ ಹುಲ್ಲು ಒದರಿದ ನಾಲ್ಕಾರು ಗಂಟೆಯ ಮೇಲೆ ಚಳಿಜ್ವರದೊಡನೆ ಉಸಿರು ಕಟ್ಟಿದರೆ ಅದು ಬೇರೆ ರೋಗವಿರಬಹುದು; ಆ ಹುಲ್ಲಿನಿಂದ ದೂರವಿರಬೇಕು, ಈ ಮಾತ್ರೆ ಅದಕ್ಕೆ ಮದ್ದಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು.

ಭಾಷಣದ ನಂತರ ಸದಸ್ಯರು ಎರಡು ಪ್ರಶ್ನೆ ಕೇಳಿದರು. ಎದೆಹಾಲು ಕುಡಿಸುವ ತಾಯಿ ಈ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ಮಹಿಳಾ ಸಂಘದ ಸದಸ್ಯೆಯೊಬ್ಬರು ಕೇಳಿದ್ದಕ್ಕೆ ನನ್ನ ಉತ್ತರ: ಔಷಧ ಕೊಟ್ಟ ಹಸುವಿನ ಹಾಲನ್ನು ಕೆಲವು ದಿನ ಸಂಘಕ್ಕೆ ಹಾಕಬಾರದೆಂದು ನಿಮಗೆ ಗೊತ್ತಿದೆ. ಥಿಯೋಫಿಲಿನ್ ಕೂಡ ತಾಯಿಯ ಹಾಲಿಗೆ ಸ್ವಲ್ಪ ಬರುತ್ತದೆ, ಮಗು ರಚ್ಚೆ ಹಿಡಿಯಬಹುದು, ನಿದ್ದೆಗೆಡಬಹುದು. ಆದರೆ ತಾಯಿ ಹಾಲು ನಿಲ್ಲಿಸುವ ವಿಷಯವಲ್ಲ ಇದು. ಮಗುವಿನ ಲಕ್ಷಣ ಹೇಳಿ, ಮಾತ್ರೆಯ ಬದಲು ಪಂಪು ಆದೀತೇ ಎಂದು ವೈದ್ಯರನ್ನು ಕೇಳಿ.

ಹಾಲು ಕುಡಿದರೆ ಕಫ ಹೆಚ್ಚಿ ದಮ್ಮು ಬರುತ್ತದೆಯೇ ಎಂಬುದು ಎರಡನೆಯದು. ಹಾಲು ಉತ್ಪಾದಕರ ಸಭೆಯಲ್ಲಿ ಈ ಪ್ರಶ್ನೆ ಬಂದದ್ದಕ್ಕೆ ಎಲ್ಲರೂ ನಕ್ಕರು. ಹಾಲು ಕುಡಿದಾಗ ಗಂಟಲಲ್ಲಿ ಮಂದವಾಗಿ ಅನ್ನಿಸುತ್ತದೆ, ಅದನ್ನು ಕಫವೆಂದು ತಿಳಿಯುತ್ತಾರೆ. ಹಾಲಿನ ಅಲರ್ಜಿ ಇರುವ ಕೆಲವರನ್ನು ಬಿಟ್ಟರೆ ಉಳಿದವರಿಗೆ ಹಾಲಿನಿಂದ ದಮ್ಮು ಹೆಚ್ಚುವುದಿಲ್ಲ. ರಾತ್ರಿಯ ಒಂದು ಲೋಟ ಹಾಲನ್ನು ಧಾರಾಳವಾಗಿ ಕುಡಿಯಿರಿ.