ಎಳನೀರಿನಿಂದ ಕರಡಿಗುಡ್ಡದವರೆಗೆ

ಇಂದು ಪದವಿ ಪಡೆಯುತ್ತಿರುವ ಗೆಳೆಯ ಗೆಳತಿಯರೇ,

ಜೀವಕೋಶ, ಅಂಗಾಂಶ, ಅಂಗ, ಜೀವಿ, ಜೀವಿಸಮುದಾಯ, ಪರಿಸರ ವ್ಯವಸ್ಥೆ. ಇವನ್ನು ಒಂದರ ಮೇಲೊಂದು ಬರೆದು ನೀವೆಲ್ಲ ಅಂಕ ಗಳಿಸಿದವರು. ಅರಸೀಕೆರೆಯವರಿಗೆ ಈ ಪಾಠ ಕಣ್ಣೆದುರೇ ಇದೆ.

ಎಳನೀರು ಕೊಚ್ಚಿಸುವಾಗ ಕೆಲವರು ಬರೀ ನೀರಿನದು ಕೇಳುತ್ತಾರೆ, ಕೆಲವರಿಗೆ ಗಂಜಿ ಬೇಕು. ಆ ಎರಡರ ನಡುವೆ ಜೀವಲೋಕದ ಒಂದು ದೊಡ್ಡ ಸಂಗತಿ ನಡೆದುಹೋಗಿರುತ್ತದೆ. ಗರ್ಭ ಕಟ್ಟಿದ ಮೇಲೆ ಹರಳಿನೊಳಗೆ ಕೋಶಕೇಂದ್ರ ಒಡೆದು ಎರಡಾಗುತ್ತದೆ, ನಾಲ್ಕಾಗುತ್ತದೆ, ಸಾವಿರಾರು ಆಗುತ್ತದೆ. ಆದರೆ ನಡುವೆ ಗೋಡೆ ಏಳುವುದಿಲ್ಲ. ಎಳೆಗಾಯಿಯ ನೀರೆಂದರೆ ಗೋಡೆಯಿಲ್ಲದೆ ತೇಲುವ ಕೋಶಕೇಂದ್ರಗಳ ಕೊಳ. ಆರನೆಯ ತಿಂಗಳ ಸುಮಾರಿಗೆ ಅಂಚಿನಿಂದ ಗೋಡೆಗಳು ಮೂಡತೊಡಗುತ್ತವೆ. ಕೋಶಗಳು ಬೇರೆಬೇರೆಯಾಗಿ ಒತ್ತೊತ್ತಾಗಿ ಕೂತಾಗ ಲೋಳೆಯಂಥ ಗಂಜಿ, ಆಮೇಲೆ ಕಾಯಿ. ನಿಮ್ಮ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುವುದು ಇದೇ ಅಂಗಾಂಶ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಫ್. ಸಿ. ಸ್ಟೀವರ್ಡ್ ಮತ್ತು ಸಂಗಡಿಗರು ಕ್ಯಾರೆಟ್ ಬೇರಿನಿಂದ ತೆಗೆದ ಕೋಶಗಳನ್ನು ತೆಂಗಿನ ನೀರು ಬೆರೆಸಿದ ದ್ರವದಲ್ಲಿ ಸಾಕಿ, ಪೂರ್ತಿ ಗಿಡವನ್ನೇ ಬೆಳೆಸಿ 1958ರಲ್ಲಿ ಜಗತ್ತಿಗೆ ತೋರಿಸಿದರು. ಕಾಯಿಯೊಳಗಿನ ಭ್ರೂಣಕ್ಕೆಂದು ಮರ ಕೂಡಿಟ್ಟ ಆಹಾರ ಇನ್ನೊಂದು ಜಾತಿಯ ಕೋಶವನ್ನೂ ಎಬ್ಬಿಸಿತು.

ಬೇಲೂರು, ಹಳೇಬೀಡಿನಿಂದ ಬಂದವರು ಹೊಯ್ಸಳೇಶ್ವರ ಗುಡಿಯ ಪಟ್ಟಿಕೆಯಲ್ಲಿ ಮಕರವನ್ನು ನೋಡಿಯೇ ಬೆಳೆದಿದ್ದೀರಿ. ಮೊಸಳೆಯ ಬಾಯಿ, ಹಂದಿಯ ಮೈ, ನವಿಲಿನ ಬಾಲ. ಶಿಲ್ಪಿ ಬೇರೆಬೇರೆ ಪ್ರಾಣಿಗಳ ಅಂಗಗಳನ್ನು ತಂದು ಜೋಡಿಸಿ ಅದಕ್ಕೆ ಚೆಲುವು ಕೊಟ್ಟ. ಆ ಕೈಗೆ ನಾನು ತಲೆಬಾಗುತ್ತೇನೆ. ಆದರೆ ಜೀವ ಹಾಗೆ ಜೋಡಣೆಯಾಗುವುದಿಲ್ಲ. ನಿಜವಾದ ನವಿಲಿನ ಬಾಲವೂ ಕಾಲೂ ಕಣ್ಣೂ ಒಂದೇ ಕೋಶ ಒಡೆಯುತ್ತಾ ಹೋಗಿ, ಅಕ್ಕಪಕ್ಕದ ಕೋಶದ ಸೂಚನೆ ಕೇಳುತ್ತಾ ಆದದ್ದು. ಹೀಗಾಗಿ ಯಾವ ಹಂತವನ್ನೂ ಉಳಿದವುಗಳಿಂದ ಬಿಡಿಸಿ ಇಡಲಾಗದು.

ಬಿಡಿಸಿ ನೋಡಿದರೆ ಏನಾಗುತ್ತದೆಂದು ಈ ಸೀಮೆ ಪಾಡುಪಟ್ಟು ಕಲಿತಿದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಗಾಳಿಯಲ್ಲಿ ತೇಲಿ ನಮ್ಮ ತೋಟಗಳಿಗೂ ಬಂತು. ಉದ್ದ ಸುಮಾರು ಕಾಲು ಮಿಲಿಮೀಟರ್. ಅದು ಎಲೆ ತಿನ್ನಲಿಲ್ಲ, ಕಾಂಡ ಕೊರೆಯಲಿಲ್ಲ. ಎಳೆಗಾಯಿಯ ತೊಟ್ಟಿನ ಅಡಿಗೆ ನುಸುಳಿ, ಕೋಶಗಳು ಒಡೆದು ಬೆಳೆಯುತ್ತಿರುವ ಮೆದು ಜಾಗದಲ್ಲೇ ರಸ ಹೀರಿತು. ಗಾಯ ಆದದ್ದು ಕೋಶಗಳಿಗೆ. ಕಾಯಿ ಬೆಳೆದಂತೆ ಆ ಗಾಯ ಕಂದು ಬಣ್ಣಕ್ಕೆ ತಿರುಗಿ ಬಿರಿಯಿತು, ಕಾಯಿ ಸಣ್ಣದಾಯಿತು, ಕೊಬ್ಬರಿ ಇಳಿಯಿತು, ಬದಲಿ ಆದಾಯಕ್ಕೆ ಮರದಿಂದ ನೀರಾ ಇಳಿಸಲು ಬಿಡಿ ಎಂದು ರೈತರು ಬೀದಿಗೆ ಬಂದರು. ತೊಟ್ಟಿನಡಿಯ ನುಸಿಗೆ ಮೇಲಿಂದ ಹೊಡೆದ ಔಷಧಿ ಸರಿಯಾಗಿ ತಾಗುತ್ತಿರಲಿಲ್ಲ. ಆಗ ಎಳೆಬೇರನ್ನು ಓರೆಯಾಗಿ ಕತ್ತರಿಸಿ, ಬೇವಿನ ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ, ಮರದ ರಸನಾಳದ ಮೂಲಕವೇ ಮೇಲೇರಿಸಿದರು. ಈ ನುಸಿಯನ್ನೇ ತಿನ್ನುವ ಪರಭಕ್ಷಕ ನುಸಿಗಳೂ ತೊಟ್ಟಿನಡಿ ಇರುತ್ತವೆ. ಸಿಕ್ಕಿದ ವಿಷ ಸುರಿದರೆ ಮೊದಲು ಸಾಯುವುದು ಅವೇ ಆಗಬಹುದು.

ಇನ್ನು ತೋಟದಾಚೆಗಿನ ಕಲ್ಲುಗುಡ್ಡ. ಅರಸೀಕೆರೆ ತಾಲ್ಲೂಕಿನ ಕುರುಚಲು ಗುಡ್ಡಗಳಲ್ಲಿ ಕರಡಿಗಳಿವೆ. ಅವುಗಳಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ; ಆ ಸಂದಿಯಿಂದ ಹುತ್ತದ ಗೆದ್ದಲನ್ನು ಉಸಿರೆಳೆದಂತೆ ಎಳೆದುಕೊಳ್ಳುತ್ತವೆ. ಹುತ್ತ ಕಟ್ಟುವ ಗೆದ್ದಲಿಗೆ ಒಣಕಟ್ಟಿಗೆ ಅರಗಿಸಲು ಅಣಬೆಯ ನೆರವು ಬೇಕು, ಅದನ್ನು ಹುತ್ತದೊಳಗೇ ಬೆಳೆಸುತ್ತದೆ. ಮಳೆಗಾಲದಲ್ಲಿ ನೀವು ಕಿತ್ತು ತಂದು ಸಾರು ಮಾಡುವುದು ಆ ಅಣಬೆಯ ಕೊಡೆಯನ್ನೇ. ಕಟ್ಟಿಗೆಯ ನಾರನ್ನು ಒಡೆಯುವುದು ಅಣಬೆಯ ಕೋಶ, ಹೊಟ್ಟೆ ತುಂಬುವುದು ಕರಡಿಗೆ. ಆ ಕರಡಿ ಎಲಚಿ, ಕಕ್ಕೆಯ ಹಣ್ಣು ತಿಂದು ಬೀಜವನ್ನು ಲದ್ದಿಯ ಜೊತೆ ಇನ್ನೊಂದು ಬಂಡೆಯ ಬುಡದಲ್ಲಿ ಬಿಡುತ್ತದೆ. ಕರಡಿ ಹೊಲಕ್ಕೆ ನುಗ್ಗಿತೆಂದು ಸಿಟ್ಟಾಗುವ ರೈತರ ನೋವು ನನಗೆ ಗೊತ್ತು, ಅದು ಸಣ್ಣದಲ್ಲ. ಆದರೆ ಗುಡ್ಡದಲ್ಲಿ ಹುತ್ತವೂ ಹಣ್ಣೂ ಬತ್ತಿದಷ್ಟು ಕರಡಿ ಕೆಳಗಿಳಿಯುವ ಸಂದರ್ಭ ಹೆಚ್ಚುತ್ತದೆ.

ನಿಮ್ಮಲ್ಲಿ ಕೆಲವರು ಪ್ರಯೋಗಾಲಯ ಸೇರುತ್ತೀರಿ, ಕೆಲವರು ಬ್ಯಾಂಕು, ಶಾಲೆ. ಹಲವರು ತೋಟಕ್ಕೇ ಮರಳುತ್ತೀರಿ. ಊರಿನ ಗ್ರಾಮಸಭೆಯಲ್ಲಿ ಗುಡ್ಡವೊಂದನ್ನು ಜಲ್ಲಿ ಕ್ರಷರ್‌ಗೆ ಬಿಟ್ಟುಕೊಡುವ ಮಾತು ಬಂದ ದಿನ ಅಲ್ಲಿ ಹುತ್ತ ಎಷ್ಟಿವೆ, ಎಲಚಿ ಎಲ್ಲಿ ಹಬ್ಬಿದೆ, ಗುಡ್ಡದ ಮೇಲೆ ಬಿದ್ದ ಮಳೆ ಯಾವ ಕೆರೆಗೆ ಇಳಿಯುತ್ತದೆ ಎಂದು ಎದ್ದು ನಿಂತು ಕೇಳಿ. ಅದನ್ನು ಕೇಳಲು ಬೇಕಾದ ಓದು ನಿಮಗಾಗಿದೆ.